ಎಳೆಯ ಬೆನ್ನಿಗೆ ತಕ್ಕ ಚೀಲ

ಬೇಸಗೆಯ ರಜೆ ಮುಗಿಯುತ್ತ ಬಂದು ಮುಂಗಾರಿನ ಮೊದಲ ಹನಿ ಬೀಳುವ ಹೊತ್ತಿಗೆ ನಮ್ಮ ನಾಡಿನ ಪೇಟೆಬೀದಿಗಳಲ್ಲಿ ಒಂದು ಹೊಸ ಸಂಭ್ರಮವು ಕಾಣಿಸಿಕೊಳ್ಳುವುದು. ಅಂಗಡಿಗಳ ಮುಂದೆ ಬಣ್ಣಬಣ್ಣದ ಬೆನ್ನುಚೀಲಗಳು ತೋರಣದಂತೆ ತೂಗಾಡುವುವು. ಆ ವರ್ಷ ಶಿಶುವಿಹಾರಕ್ಕೆ ಸೇರಲಿರುವ ಎರಡೂವರೆ ಮೂರು ವರ್ಷದ ಮಗು ತಾಯಿಯ ಸೆರಗನ್ನು ಹಿಡಿದು ನಿಂತು, ಆನೆಯ ಚಿತ್ರವಿರುವ ಚೀಲವೇ ಬೇಕೆಂದು ಬೆರಳು ತೋರಿಸುವುದು. ತಂದೆ ಬೆಲೆಯನ್ನು ನೋಡುವನು. ಅಜ್ಜಿ ಎಷ್ಟು ವರ್ಷ ಬಾಳುವುದೆಂದು ಬಟ್ಟೆಯನ್ನು ಹಿಂಡಿ ನೋಡುವಳು. ತಾಯಿ ಹೊಲಿಗೆಯನ್ನು ನೋಡುವಳು. ಮಗುವಂತೂ ಆನೆಯನ್ನಲ್ಲದೆ ಬೇರೊಂದನ್ನು ನೋಡದು. ಇಷ್ಟು ಜನ ಇಷ್ಟನ್ನು ನೋಡಿದರೂ ಯಾರ ಕಣ್ಣಿಗೂ ಬೀಳದೆ ಉಳಿಯುವ ವಸ್ತುವೊಂದುಂಟು. ಅದು ಆ ಮಗುವಿನ ಬೆನ್ನು. ಈ ತಿಂಗಳ ನಮ್ಮ ಮಾತು ಆ ಬೆನ್ನನ್ನು ಕುರಿತದ್ದು.

ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನವೆ, ಎಂದು ಕೆಲವು ವಾಚಕರು ನಗಬಹುದು. ಆದರೆ ಮಕ್ಕಳ ಚೀಲದ ಮಾತು ಸಣ್ಣದೆಂದು ನಮ್ಮ ಹಿರಿಯರು ಎಣಿಸಿದವರಲ್ಲ. ಮೈಸೂರಿನಲ್ಲಿ ನೆಲೆಸಿದ್ದ ಪ್ರಸಿದ್ಧ ಕಾದಂಬರಿಕಾರರಾದ ಆರ್. ಕೆ. ನಾರಾಯಣರು 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1989ರಲ್ಲಿ ಆ ಸಭೆಯಲ್ಲಿ ತಮ್ಮ ಮೊದಲ ಭಾಷಣವನ್ನು ಮಾಡಿದಾಗ ಅವರು ಎತ್ತಿಕೊಂಡ ವಿಷಯ ಸಾಹಿತ್ಯವೂ ಅಲ್ಲ, ರಾಜಕಾರಣವೂ ಅಲ್ಲ; ಶಾಲೆಯ ಮಕ್ಕಳು ಹೊರುವ ಪುಸ್ತಕದ ಹೊರೆ! ಅದಾದ ಮೇಲೆ 1992ರಲ್ಲಿ ಭಾರತ ಸರಕಾರವು ವಿಜ್ಞಾನಿಗಳಾದ ಯಶಪಾಲರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಹೊರೆಯಿಲ್ಲದ ಕಲಿಕೆ ಎಂಬ ಅರ್ಥದ ಹೆಸರಿನಿಂದ ಅದರ ವರದಿ 1993ರಲ್ಲಿ ಹೊರಬಂದಿತು. ನಮ್ಮ ಕರ್ನಾಟಕ ಸರಕಾರವು 2019ರಲ್ಲಿ ತರಗತಿಗೆ ತಕ್ಕಂತೆ ಚೀಲದ ತೂಕವನ್ನು ಗೊತ್ತುಮಾಡಿತು: ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಒಂದೂವರೆಯಿಂದ 2 ಕಿಲೋಗ್ರಾಂ ಮಾತ್ರ. 2020ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಹೊರಡಿಸಿದ ಶಾಲಾಚೀಲದ ನೀತಿಯಲ್ಲಿ, ಒಂದರಿಂದ ಹತ್ತನೆಯ ತರಗತಿಯವರೆಗೆ ಚೀಲದ ತೂಕವು ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಕೂಡದೆಂದು ವಿಧಿಸಲಾಯಿತು. ಒಂದನೆಯ ತರಗತಿಗೆ ಮುಂಚಿನ ಮಕ್ಕಳ ವಿಷಯದಲ್ಲಿ ಆ ನೀತಿಯ ಮಾತು ಇನ್ನೂ ಸ್ಪಷ್ಟವಾಗಿದೆ: ಅವರಿಗೆ ಚೀಲವೇ ಬೇಡ.

ಚೀಲವೇ ಬೇಡವೆಂದು ಸರಕಾರವೇ ಹೇಳಿರುವಾಗ ಯಾವ ಚೀಲವನ್ನು ಕೊಳ್ಳಬೇಕೆಂದು ವಿಚಾರಿಸುವುದೇಕೆ? ಪ್ರಶ್ನೆ ನ್ಯಾಯವಾದುದೇ. ಆದರೆ ನೀತಿಯು ಬೇಡವೆಂದುದು ಪುಸ್ತಕದ ಚೀಲವನ್ನು. ಎಳೆಯ ಮಗುವಿಗೆ ಒದ್ದೆಯಾದರೆ ಬದಲಿಸಲು ಒಂದು ಜೊತೆ ಬಟ್ಟೆ ಬೇಕು; ನಡುವೆ ಹಸಿವಾದರೆ ತಿನ್ನಲು ಒಂದು ಸಣ್ಣ ಡಬ್ಬಿ ಬೇಕು; ಮೂಗೊರಸುವ ಕರವಸ್ತ್ರ ಬೇಕು. ಇವನ್ನು ಯಾವುದಾದರೊಂದರಲ್ಲಿ ಇಟ್ಟು ಕಳುಹಿಸಲೇಬೇಕಷ್ಟೆ. ಇದಕ್ಕಿಂತ ಮಿಗಿಲಾದ ಕಾರಣ ಇನ್ನೊಂದುಂಟು. ಅಕ್ಕ ಚೀಲವನ್ನು ಬೆನ್ನಿಗೇರಿಸಿ ಹೊರಡುವುದನ್ನು ದಿನವೂ ಬಾಗಿಲಲ್ಲಿ ನಿಂತು ನೋಡಿದ ಕೂಸು, ತನಗೂ ಒಂದು ಚೀಲವುಂಟೆಂದು ತಿಳಿದಾಗ ಪಡುವ ಹೆಮ್ಮೆಯನ್ನು ಕಂಡವರೇ ಬಲ್ಲರು. ತನ್ನದೆಂದು ಹೇಳಿಕೊಳ್ಳಬಹುದಾದ, ತಾನೇ ತೆಗೆದು ತಾನೇ ಮುಚ್ಚಬಹುದಾದ ಒಂದು ಪುಟ್ಟ ಭಂಡಾರ ಅದಕ್ಕೆ ದೊರೆತಂತಾಯಿತು. ಅದನ್ನು ತಪ್ಪಿಸಬೇಕಾದುದಿಲ್ಲ. ಆ ಒಡವೆ ಹೊರೆಯಾಗದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ.

ಹಾಗಾದರೆ ಅಳತೆ ಯಾವುದು? ಚರಕ, ಸುಶ್ರುತ ಸಂಹಿತೆಗಳಲ್ಲಿ ಶರೀರದ ಅಂಗಾಂಗಗಳ ಪ್ರಮಾಣವನ್ನು ಹೇಳುವಾಗ, ಆಯಾ ವ್ಯಕ್ತಿಯ ಅಂಗುಲದಿಂದಲೇ ಆ ವ್ಯಕ್ತಿಯ ಶರೀರವನ್ನು ಅಳೆಯತಕ್ಕದ್ದೆಂಬ ಕ್ರಮವಿದೆ. ಅರಸನ ಅಂಗುಲವಲ್ಲ, ಅಳೆಯುವ ವೈದ್ಯನ ಅಂಗುಲವೂ ಅಲ್ಲ. ಯಾರ ದೇಹವೋ ಅವರದೇ ಅಂಗುಲ. ಚೀಲದ ವಿಷಯದಲ್ಲಿಯೂ ಇದೇ ಸೂತ್ರವು ಸಲ್ಲುವುದು. ಅಂಗಡಿಯವನು ಚೀಲಕ್ಕೆ ಕಟ್ಟಿರುವ ಚೀಟಿಯಲ್ಲಿ ಇಂತಿಷ್ಟು ವಯಸ್ಸಿನವರಿಗೆಂದು ಬರೆದಿರಬಹುದು. ಆದರೆ ಮೂರು ವರ್ಷದ ಮಕ್ಕಳೆಲ್ಲರೂ ಒಂದೇ ಅಚ್ಚಿನಲ್ಲಿ ಎರೆದ ಬೊಂಬೆಗಳಲ್ಲವಲ್ಲ! ಆದಕಾರಣ ಪೇಟೆಗೆ ಹೊರಡುವುದಕ್ಕೆ ಮುಂಚೆಯೇ ಮನೆಯಲ್ಲಿ ಮಗುವಿನ ಬೆನ್ನನ್ನು ಅಳೆದುಕೊಳ್ಳಿ.

ಅಳೆಯುವ ಕ್ರಮವು ಹೀಗೆ. ಮಗುವನ್ನು ಒಂದು ಮಣೆಯ ಮೇಲೆ ನೇರವಾಗಿ ನಿಲ್ಲಿಸಿ, ತನ್ನ ಕಾಲ್ಬೆರಳುಗಳನ್ನು ಎಣಿಸುವಂತೆ ಹೇಳಿರಿ. ತಲೆ ತಾನಾಗಿ ಬಾಗುವುದು. ಆಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ತಗಲುವುದು. ಅಲ್ಲಿ ಬೆರಳಿಟ್ಟುಕೊಂಡು ಮಗುವಿನ ತಲೆಯನ್ನು ಮೇಲಕ್ಕೆತ್ತಿಸಿರಿ. ಬಳಿಕ ಸೊಂಟದ ಎರಡು ಪಕ್ಕಗಳಲ್ಲಿ ಕೈಗೆ ಸಿಕ್ಕುವ ಮೂಳೆಯ ಅಂಚನ್ನು ಗುರುತಿಸಿ, ಆ ಮಟ್ಟದವರೆಗೆ ದರ್ಜಿಯ ಟೇಪನ್ನು ಬೆನ್ನಗುಂಟ ಇಳಿಬಿಡಿರಿ. ಇದು ಬೆನ್ನಿನ ಉದ್ದ. ಇದರಲ್ಲಿ, ಮೇಲೆ ಮಗುವಿನ ಎರಡು ಬೆರಳಿನಷ್ಟು ಸ್ಥಳವನ್ನು ಬಿಟ್ಟು ಉಳಿದುದೇ ಚೀಲದ ಎತ್ತರ. ಬೆನ್ನು 28 ಸೆಂಟಿಮೀಟರು ಇದೆಯೆಂದಿಟ್ಟುಕೊಂಡರೆ ಚೀಲವು 25 ಸೆಂಟಿಮೀಟರು ಇರಲಿ. ಅಗಲವನ್ನು ಒಂದು ಭುಜದ ಅಂಚಿನಿಂದ ಇನ್ನೊಂದು ಭುಜದ ಅಂಚಿನವರೆಗೆ ಅಳೆದು, ಚೀಲವು ಅದಕ್ಕಿಂತ ಕಿರಿದಾಗಿಯೇ ಇರುವಂತೆ ನೋಡಿರಿ. ಇಲ್ಲವಾದರೆ ತೋಳುಗಳು ಬೀಸಾಡಲು ಎಡೆಯಿಲ್ಲದೆ ಮಗುವು ನಡೆಯುವಾಗ ತೂರಾಡುವುದು. ದಪ್ಪವು 8 ಸೆಂಟಿಮೀಟರು ಇದ್ದರೆ ಸಾಕು. ಹತ್ತನ್ನು ಮೀರುವುದು ಬೇಡ.

ದಪ್ಪದ ವಿಷಯದಲ್ಲಿ ಇಷ್ಟು ಹಟವೇಕೆಂದು ಕೇಳುವಿರಾ? ತುಂಬಿದ ಬಿಂದಿಗೆಯನ್ನು ಹೊತ್ತು ನಡೆಯಬಲ್ಲ ಹೆಂಗಸರಿಗೆ ಇದನ್ನು ವಿವರಿಸಬೇಕಾದುದಿಲ್ಲ. ತಲೆಯ ಮೇಲಿನ ಕೊಡವು ಮೈಯ ನಡುಗೆರೆಯ ಮೇಲೆ ನಿಲ್ಲುವುದು. ಸೊಂಟದ ಮೇಲಿನ ಕೊಡವು ಮೈಗೆ ಒತ್ತಿ ಕುಳಿತಿರುವುದು. ಅದೇ ಕೊಡವನ್ನು ಕೈಯನ್ನು ಚಾಚಿ ಹಿಡಿದು ನಡೆಯಲು ಯಾರಿಂದಾದೀತು? ಭಾರವು ಮೈಯಿಂದ ದೂರವಾದಷ್ಟೂ ಅದರ ಎಳೆತ ಹೆಚ್ಚು. ದಪ್ಪನಾದ ಚೀಲದಲ್ಲಿ ವಸ್ತುಗಳು ಬೆನ್ನಿನಿಂದ ಹಿಂದಕ್ಕೆ ಸರಿದು ಜೋತುಬಿದ್ದು ಮಗುವನ್ನು ಹಿಂದಕ್ಕೆ ಎಳೆಯುವುವು. ಅದನ್ನು ಸರಿದೂಗಿಸಲೆಂದು ಮಗುವು ಮುಂದಕ್ಕೆ ಬಾಗುವುದು.

ಎಳೆಯ ಮಗುವಿನ ಶರೀರವು ದೊಡ್ಡವರ ಶರೀರದ ಸಣ್ಣ ಪ್ರತಿಯಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕುದು. ಬೆಳೆದವರ ತಲೆಯು ಅವರ ಎತ್ತರದಲ್ಲಿ ಸುಮಾರು ಎಂಟನೆಯ ಒಂದು ಪಾಲು. ಎರಡು ವರ್ಷದ ಮಗುವಿನ ತಲೆಯಾದರೋ ಸುಮಾರು ಐದನೆಯ ಒಂದು ಪಾಲು. ಹೀಗೆ ಮೊದಲೇ ಮೇಲ್ಭಾಗ ಭಾರವಾಗಿ, ಕಾಲು ಗಿಡ್ಡವಾಗಿ, ನಡಿಗೆ ಇನ್ನೂ ನೆಲೆಗೊಳ್ಳದಿರುವ ಜೀವಿಗೆ ಬೆನ್ನ ಹಿಂದೆ ಒಂದು ತೂಗುಭಾರವನ್ನು ಕಟ್ಟಿದರೆ ಅದು ಮೆಟ್ಟಿಲೇರುವಾಗ ಹಿಂದಕ್ಕೆ ಬೀಳುವುದು, ಇಳಿಯುವಾಗ ಮುಂದಕ್ಕೆ ಮುಗ್ಗರಿಸುವುದು. ಚೀಲ ಹೊತ್ತ ಮಾತ್ರಕ್ಕೆ ಬೆನ್ನೆಲುಬು ಶಾಶ್ವತವಾಗಿ ಡೊಂಕಾಗುವುದೆಂಬುದು ಸ್ಥಿರಪಟ್ಟ ಮಾತಲ್ಲ. ಆ ಭಯದಿಂದ ನಿದ್ದೆ ಕೆಡಿಸಿಕೊಳ್ಳಬೇಡಿರಿ. ಎಳೆಯ ಮಗುವಿನ ಪಾಲಿಗೆ ಕಣ್ಣೆದುರಿನ ಅಪಾಯವು ಬೀಳುವುದು. ಅದಾದ ಮೇಲೆ ಭುಜದ ನೋವು, ಆಯಾಸ, ಇವುಗಳಿಂದ ಹುಟ್ಟುವ ಶಾಲೆಯ ಬೇಸರ.

ಇನ್ನು ತೂಕದ ಮಾತು. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡದಂತೆ ಮೂರು ವರ್ಷದ ಮಗುವಿನ ಮಧ್ಯಮ ತೂಕವು ಸುಮಾರು 14 ಕಿಲೋಗ್ರಾಂ. ಎರಡು ವರ್ಷದ್ದಾದರೆ ಸುಮಾರು 12. ನಮ್ಮ ಎಷ್ಟೋ ಮನೆಗಳಲ್ಲಿ ಇದಕ್ಕಿಂತ ಕಡಿಮೆ ತೂಗುವ ಮಕ್ಕಳೂ ಇರುವರು. ದೊಡ್ಡ ಮಕ್ಕಳಿಗೆ ಹೇಳಿದ ಹತ್ತನೆಯ ಒಂದು ಪಾಲಿನ ಲೆಕ್ಕವನ್ನೇ ಹಿಡಿದರೂ 14 ಕಿಲೋಗ್ರಾಂ ತೂಗುವ ಮಗುವಿಗೆ 1 ಕಿಲೋ 400 ಗ್ರಾಂ ಕಡೆಯ ಎಲ್ಲೆ. ಆದರೆ ಎಲ್ಲೆಯವರೆಗೂ ಹೋಗಲೇಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮಡಕೆ ಸುಡುವ ಮುನ್ನ ಹಸಿಯಾಗಿರುವಾಗ ಅದನ್ನು ಕುಂಬಾರನು ಎತ್ತುವ ರೀತಿಯೇ ಬೇರೆಯಲ್ಲವೆ? ಒಂದನೆಯ ತರಗತಿಯನ್ನೂ ಕಾಣದ ಕೂಸಿಗೆ ಆ ಎಲ್ಲೆಯ ಅರ್ಧಕ್ಕೆ, ಎಂದರೆ 700 ಗ್ರಾಂಗೆ, ನಿಲ್ಲಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಎಪ್ಪತ್ತೆಂಬತ್ತು ತೊಲದಷ್ಟೂ ಇಲ್ಲದ ಈ ತೂಕದಲ್ಲಿ ಏನು ಹಿಡಿಸೀತೆಂದು ಕೇಳುವವರಿಗಾಗಿ ಲೆಕ್ಕವನ್ನು ಬಿಡಿಸಿ ತೋರಿಸುವೆನು. ಬರಿಯ ಚೀಲವು 250 ಗ್ರಾಂ ಇರಲಿ. ಬದಲಿ ಬಟ್ಟೆ, ಕರವಸ್ತ್ರಗಳು 150 ಗ್ರಾಂ. ತಿಂಡಿ ತುಂಬಿದ ಸಣ್ಣ ಡಬ್ಬಿ 300 ಗ್ರಾಂ. ಕೂಡಿಸಿದರೆ ಸರಿಯಾಗಿ 700. ನೀರೆಲ್ಲಿ ಹೋಯಿತು? ನೀರೇ ಇಲ್ಲಿ ಬಚ್ಚಿಟ್ಟುಕೊಂಡಿರುವ ಹೊರೆ. ಒಂದು ಲೀಟರು ನೀರು ಒಂದು ಕಿಲೋ ತೂಗುವುದೆಂಬುದನ್ನು ಶಾಲೆಯಲ್ಲಿ ಕಲಿತು ಮರೆತವರೇ ಹೆಚ್ಚು. ಅರ್ಧ ಲೀಟರಿನ ಉಕ್ಕಿನ ಬಾಟಲಿಯನ್ನು ತುಂಬಿ ಚೀಲದ ಪಕ್ಕದ ಜೇಬಿಗೆ ಸಿಕ್ಕಿಸಿದಿರೆಂದರೆ ನೀರೊಂದೇ 500 ಗ್ರಾಂ ಆಯಿತು. ಬಾಟಲಿಯ ತೂಕ ಬೇರೆ. ಅದೂ ಒಂದೇ ಪಕ್ಕಕ್ಕೆ ಜೋತು ಬೀಳುವುದು! ಕಾಲು ಲೀಟರು ಹಿಡಿಯುವ ಹಗುರವಾದ ಬಾಟಲಿಯನ್ನು ಕೊಟ್ಟು, ಅದನ್ನು ಶಾಲೆಯ ಬಾಗಿಲವರೆಗೆ ಕರೆದೊಯ್ಯುವವರು ತಮ್ಮ ಕೈಯಲ್ಲಿ ಹಿಡಿದುಕೊಳ್ಳಲಿ. ಮತ್ತೆ ಬೇಕಾದ ನೀರನ್ನು ಶಾಲೆಯಲ್ಲಿ ತುಂಬಿಸಿಕೊಡುವರೇ, ಅದು ಶುದ್ಧವಾದುದೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಬರಿಯ ಚೀಲದ ತೂಕವನ್ನು ಕೊಳ್ಳುವ ಮುನ್ನವೇ ತೂಗಿಸಿರಿ. ಗಟ್ಟಿ ತಳ, ಉಬ್ಬುಚಿತ್ರದ ಮುಖ, ನಾಲ್ಕು ಜಿಪ್ಪು, ಐದು ಜೇಬು ಇವೆಲ್ಲ ಕೂಡಿ ಬರಿಯ ಚೀಲವೇ 600 ಗ್ರಾಂ ಆಗಿಬಿಟ್ಟರೆ, ತಿಂಡಿಗೆ ಉಳಿದುದೇನು? ಪಕ್ಕದ ದಿನಸಿ ಅಂಗಡಿಯಲ್ಲಿ ಒಂದು ನಿಮಿಷ ತಕ್ಕಡಿಯನ್ನು ಕೇಳಿದರೆ ಯಾರೂ ಇಲ್ಲವೆನ್ನರು. ಮೂರು ವರ್ಷದ ಮಗುವಿನ ಬೆನ್ನಿಗೆ 2 ಕಿಲೋ ಹೇರುವವರು ಇನ್ನೊಂದು ತ್ರೈರಾಶಿಕವನ್ನೂ ಮಾಡಿನೋಡಲಿ: 14ಕ್ಕೆ 2 ಆದರೆ 60ಕ್ಕೆ ಎಷ್ಟು? ಎಂಟೂವರೆ ಕಿಲೋಗ್ರಾಮಿಗೆ ಮೇಲಾಯಿತು. ಅಷ್ಟು ಅಕ್ಕಿಯನ್ನು ಬೆನ್ನಿಗೆ ಕಟ್ಟಿಕೊಂಡು ದಿನವೂ ಮೆಟ್ಟಿಲೇರಿ ಕೆಲಸಕ್ಕೆ ಹೋಗಲು ಒಪ್ಪುವ ತಂದೆಯನ್ನು ನಾನು ಕಂಡಿಲ್ಲ.

ಇಲ್ಲಿ ಒಬ್ಬ ಸೋದರಿಯು ಬರೆದ ಪತ್ರದ ಸಂಗತಿಯನ್ನು ಹೇಳತಕ್ಕುದಾಗಿದೆ. ಅವರ ಮಗಳಿಗೆ ಮೂರು ವರ್ಷ ತುಂಬಿದೆ. ಮಗು ಬೆಳೆಯುತ್ತದೆ, ದೊಡ್ಡದನ್ನೇ ತಂದರೆ ನಾಲ್ಕು ವರ್ಷ ಬರುತ್ತದೆಯೆಂದು ಅತ್ತೆಯವರು ಹೇಳಿದ್ದರಿಂದ ದೊಡ್ಡ ಶಾಲೆಯ ಮಕ್ಕಳ ಚೀಲವನ್ನೇ ತಂದರಂತೆ. ಅದರ ತಳವು ಮಗುವಿನ ತೊಡೆಗೆ ಬಡಿಯುವುದು. ಆಟೋರಿಕ್ಷಾದಿಂದ ಇಳಿಯುವಾಗ ಚೀಲವು ಸೀಟಿಗೆ ಸಿಕ್ಕಿ ಮಗುವು ಎರಡು ಸಲ ಬಿದ್ದು, ಈಗ ಚೀಲವನ್ನು ಕಂಡರೆ ಅಳುವುದು. ಹೊಸ ಚೀಲವನ್ನು ತಂದರೆ ಅತ್ತೆಯವರು ನೊಂದುಕೊಳ್ಳುವರು. ತಾರದಿದ್ದರೆ ಮಗು ಬೀಳುವುದು. ಏನು ಮಾಡಲಿ ಎಂಬುದು ಆ ತಾಯಿಯ ಪ್ರಶ್ನೆ.

ಅತ್ತೆಯವರ ಮಾತು ಅನಾದರದಿಂದ ಹುಟ್ಟಿದುದಲ್ಲ. ಹಣದ ಬೆಲೆಯನ್ನು ಬಲ್ಲ ಬಾಳಿನಿಂದ ಹುಟ್ಟಿದುದು. ಅಂಗಿಯನ್ನು ಒಂದು ಬೆರಳು ದೊಡ್ಡದಾಗಿ ಹೊಲಿಸಿ ಮಡಿಕೆ ಹಾಕಿಸುವ ಮನೆತನಗಳಲ್ಲಿ ನಾವೆಲ್ಲರೂ ಬೆಳೆದವರೇ. ಆದರೆ ದೊಡ್ಡ ಅಂಗಿ ಮಗುವನ್ನು ಬೀಳಿಸದು, ದೊಡ್ಡ ಚೀಲವು ಬೀಳಿಸುವುದು. ಅವರಿಗೆ ಅವರದೇ ಲೆಕ್ಕದಲ್ಲಿ ವಿಷಯವನ್ನು ತಿಳಿಸಿ. ಮೂರರಿಂದ ನಾಲ್ಕು ವರ್ಷದೊಳಗೆ ಮಗುವು ಸುಮಾರು 7 ಸೆಂಟಿಮೀಟರು ಎತ್ತರವಾಗುವುದು ನಿಜ. ಆದರೆ ಆ ವಯಸ್ಸಿನಲ್ಲಿ ಹೆಚ್ಚಾಗಿ ಬೆಳೆಯುವುದು ಕಾಲು. ಬೆನ್ನು ಬೆಳೆಯುವುದು ನಿಧಾನವಾಗಿ. ಆದುದರಿಂದ ಇಂದು ಅಳತೆಗೆ ಸರಿಯಾಗಿ ಕೊಂಡು, ಪಟ್ಟಿಗಳನ್ನು ಉದ್ದ ಮಾಡಲು ಅವಕಾಶವಿರುವ ಚೀಲವು ಶಿಶುವಿಹಾರದ ಎರಡು ವರ್ಷಕ್ಕೂ ಸಾಕಾದೀತು. ಈಗ ತಂದಿರುವ ದೊಡ್ಡ ಚೀಲವೇನೂ ವ್ಯರ್ಥವಲ್ಲ. ಅದನ್ನು ಒಗೆದು ಒಣಗಿಸಿ ಮಡಿಸಿಟ್ಟರೆ, ಅಜ್ಜಿ ಕೊಡಿಸಿದ ಚೀಲವೆಂದು ಮಗುವು ದೊಡ್ಡ ಶಾಲೆಗೆ ಸೇರಿದ ಮೇಲೆ ಅದನ್ನೇ ಹಾಕಿಕೊಂಡು ಹೋಗಲಿ. ಹೊಸದನ್ನು ಅಳೆಯುವ ದಿನ ಟೇಪನ್ನು ಅತ್ತೆಯವರ ಕೈಗೇ ಕೊಡಿರಿ. ಮೊಮ್ಮಗಳ ಬೆನ್ನಿನ ಉದ್ದವನ್ನು ತಮ್ಮ ಕೈಯಿಂದ ಅಳೆದ ಅಜ್ಜಿ ಆಮೇಲೆ ದೊಡ್ಡ ಚೀಲದ ಪಕ್ಷವನ್ನು ವಹಿಸುವುದು ಕಷ್ಟ.

ದೊಡ್ಡ ಚೀಲದಲ್ಲಿ ಇನ್ನೊಂದು ದೋಷವೂ ಉಂಟು. 25 ಸೆಂಟಿಮೀಟರು ಎತ್ತರ, 20 ಅಗಲ, 8 ದಪ್ಪದ ಚೀಲವನ್ನು ಗುಣಿಸಿ ನೋಡಿದರೆ 4 ಲೀಟರು ಹಿಡಿಯುವುದು. 45 ಎತ್ತರ, 30 ಅಗಲ, 18 ದಪ್ಪದ ಚೀಲವಾದರೆ 24 ಲೀಟರಿಗೂ ಮೇಲೆ. ಆರು ಪಾಲು ದೊಡ್ಡದು. ಬರಿದಾದ ಪಾತ್ರೆಯು ತುಂಬು ತುಂಬೆಂದು ಕರೆಯುವಂತೆ ಬರಿದಾದ ಚೀಲವೂ ಕರೆಯುವುದು. ಇಂದು ಒಂದು ಬೊಂಬೆ, ನಾಳೆ ಒಂದು ಚಿತ್ರದ ಪುಸ್ತಕ, ನಾಡಿದ್ದು ಮಳೆಯಂಗಿ, ಹೀಗೆ ಸೇರಿದುದು ಸೇರಿಯೇ ಇರುವುದು. ತೆಗೆಯುವವರು ಯಾರೂ ಇಲ್ಲ. ಸಣ್ಣ ಚೀಲವಾದರೆ ತಾನೇ ಕಾವಲುಗಾರನಂತೆ ನಿಂತು ಸಾಕೆನ್ನುವುದು.

ಪಟ್ಟಿಗಳನ್ನು ಕುರಿತು ಎರಡು ಮಾತು. ಭುಜದ ಪಟ್ಟಿಗಳು ಎರಡಿರಬೇಕು. ಒಂದೇ ಹೆಗಲಿಗೆ ತೂಗುಹಾಕುವ ಚೀಲವು ಎಳೆಯರಿಗೆ ತಕ್ಕುದಲ್ಲ. ಪಟ್ಟಿಗಳು ದೊಡ್ಡವರ ಮೂರು ಬೆರಳಿನಷ್ಟು ಅಗಲವಾಗಿ, ಒಳಗೆ ಮೆತ್ತೆಯಿದ್ದು, ಅಂಚುಗಳು ಕತ್ತಿಗೆ ಉಜ್ಜದಂತಿರಬೇಕು. ಎಳೆಯರ ಭುಜವು ಇಳಿಜಾರಾದುದರಿಂದ ಪಟ್ಟಿಗಳು ಜಾರುವುವು. ಎದೆಯ ಮೇಲೆ ಎರಡನ್ನೂ ಕೂಡಿಸುವ ಸಣ್ಣ ಪಟ್ಟಿಯೊಂದಿದ್ದರೆ ಈ ತೊಂದರೆ ತಪ್ಪುವುದು. ಆದರೆ ಅದರ ಕೊಂಡಿಯನ್ನು ಮಗುವು ತಾನೇ ಬಿಚ್ಚಬಲ್ಲುದೇ ಎಂದು ಪರೀಕ್ಷಿಸಿರಿ. ಉದ್ದವಾಗಿ ಜೋಲುವ ದಾರ, ಲಾಡಿಗಳಿದ್ದರೆ ಕತ್ತರಿಸಿ ಹೊಲಿದುಬಿಡಿ. ಜಿಪ್ಪಿನ ತುದಿಗೆ ಮಗುವಿನ ಕೈಗೆ ಸಿಕ್ಕುವಂತೆ ಒಂದು ಗಿಡ್ಡನೆಯ ಬಟ್ಟೆಯ ಕುಚ್ಚನ್ನು ಕಟ್ಟಿರಿ. ತನ್ನ ಚೀಲವನ್ನು ತಾನೇ ತೆರೆಯಲಾರದ ಮಗುವಿಗೆ ಅದು ತನ್ನದೆಂಬ ಭಾವ ಹುಟ್ಟುವುದೆಂತು? ಚಕ್ರವಿರುವ ಎಳೆಯುವ ಪೆಟ್ಟಿಗೆಯಂತಹ ಚೀಲಗಳು ನಮ್ಮ ಬೀದಿಗಳಿಗೂ ಮೆಟ್ಟಿಲುಗಳಿಗೂ ಹೊಂದವು, ಅವನ್ನು ಬಿಡಿ.

ಅಂಗಡಿಯಲ್ಲಿಯೇ ಚೀಲದೊಳಗೆ ಅರ್ಧ ಕಿಲೋ ತೂಕದ ಯಾವುದಾದರೊಂದು ವಸ್ತುವನ್ನಿಟ್ಟು ಮಗುವಿನ ಬೆನ್ನಿಗೇರಿಸಿ, ನಾಲ್ಕು ಹೆಜ್ಜೆ ನಡೆಸಿರಿ. ಒಂದು ಮೆಟ್ಟಿಲನ್ನು ಹತ್ತಿ ಇಳಿಯಲಿ. ಕುಕ್ಕರುಗಾಲಿನಲ್ಲಿ ಕುಳಿತು ನೆಲದ ಮೇಲಿನ ಒಂದು ಬಿಲ್ಲೆಯನ್ನು ಹೆಕ್ಕಿಕೊಂಡು ಏಳಲಿ. ಮುಂದಕ್ಕೆ ಬಾಗುವುದೇ, ಭುಜಗಳನ್ನು ಕಿವಿಯತ್ತ ಎತ್ತುವುದೇ, ಪಟ್ಟಿಗಳ ಕೆಳಗೆ ಹೆಬ್ಬೆರಳನ್ನು ತೂರಿಸಿ ಹಿಡಿಯುವುದೇ ಎಂದು ಪಕ್ಕದಿಂದ ನೋಡಿರಿ. ಇವುಗಳಲ್ಲಿ ಒಂದು ಕಂಡರೂ ಆ ಚೀಲವು ಆ ಮಗುವಿನದಲ್ಲ. ಒಂದೇ ಅಳತೆಯ ಎರಡು ಮೂರು ಚೀಲಗಳನ್ನು ನೀವು ಆರಿಸಿಟ್ಟು, ಅವುಗಳಲ್ಲಿ ಬೇಕಾದುದನ್ನು ಮಗುವಿಗೆ ಆರಿಸಲು ಬಿಡಿರಿ. ಅಳತೆ ನಿಮ್ಮದು, ಆನೆಯೋ ನವಿಲೋ ಅದರದು.

ಕೊಳ್ಳಲು ಅನುಕೂಲವಿಲ್ಲದವರು ಚಿಂತಿಸಬೇಕಾದುದಿಲ್ಲ. ಗಟ್ಟಿಯಾದ ಹತ್ತಿಯ ಬಟ್ಟೆಯಿಂದ ಮನೆಯಲ್ಲಿಯೇ ಚೀಲವನ್ನು ಹೊಲಿಯಬಹುದು. ಬೆನ್ನಿಗೆ ತಗಲುವ ಭಾಗಕ್ಕೂ ಪಟ್ಟಿಗಳಿಗೂ ಹಳೆಯ ಸೀರೆಯ ಮೃದುವಾದ ತುಂಡುಗಳನ್ನು ಪದರಪದರವಾಗಿಟ್ಟು, ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕೌದಿ ಹೊಲಿಯುವಂತೆ ಒತ್ತಾದ ಓಟದ ಹೊಲಿಗೆ ಹಾಕಿದರೆ ಯಾವ ಪೇಟೆಯ ಮೆತ್ತೆಗೂ ಅದು ಕಡಿಮೆಯಲ್ಲ. ಮಗುವಿನ ಅಳತೆಗೇ ಹೊಲಿದುದರಿಂದ ಅದಕ್ಕೆ ಒಪ್ಪುವಷ್ಟು ಪೇಟೆಯದು ಒಪ್ಪದು. ಮಲೆನಾಡಿನವರೂ ಕರಾವಳಿಯವರೂ ಮಾತ್ರ ಒಂದನ್ನು ನೆನೆಯಬೇಕು: ನೆನೆದ ಹತ್ತಿಯ ಬಟ್ಟೆ ಭಾರವಾಗುವುದು. ಮಳೆಗಾಲದಲ್ಲಿ ಮೇಲೊಂದು ನೀರು ಹಿಡಿಯದ ಹೊದಿಕೆಯಿರಲಿ. ಯಾವ ಚೀಲವಾದರೂ ಮಗುವಿನ ಹೆಸರನ್ನು ಒಳಗಡೆ ಬರೆಯಿರಿ. ಹೊರಗೆ ದೊಡ್ಡಕ್ಷರಗಳಲ್ಲಿ ಬರೆದರೆ ದಾರಿಯಲ್ಲಿ ಹೋಗುವ ಅಪರಿಚಿತನೂ ಹೆಸರು ಹಿಡಿದು ಕರೆಯಬಹುದು. ಹೆಸರು ಹಿಡಿದು ಕರೆದವರನ್ನೆಲ್ಲ ತನ್ನವರೆಂದು ತಿಳಿಯುವ ವಯಸ್ಸು ಅದು.

ಚೀಲವನ್ನು ಯಾವಾಗ ಹಾಕಬೇಕೆಂಬುದರಷ್ಟೇ ಯಾವಾಗ ತೆಗೆಯಬೇಕೆಂಬುದೂ ಮುಖ್ಯ. ಜಾರುಬಂಡೆ, ಉಯ್ಯಾಲೆಗಳಿಗೆ ಹತ್ತುವ ಮುನ್ನ ಚೀಲವು ಕೆಳಗಿಳಿಯಲೇಬೇಕು. ಪಟ್ಟಿಯು ಎಲ್ಲಿಯಾದರೂ ಸಿಕ್ಕಿಕೊಂಡರೆ ಮಗುವಿನ ಪ್ರಾಣಕ್ಕೇ ಅಪಾಯ. ಕಾರಿನಲ್ಲಿ ಚೀಲವನ್ನು ಹಾಕಿಕೊಂಡಂತೆಯೇ ಮಗುವನ್ನು ಕೂರಿಸಿ ಪಟ್ಟಿ ಬಿಗಿದರೆ ಆ ಪಟ್ಟಿಯು ಮೈಗೆ ಹತ್ತಿ ಕುಳಿತುಕೊಳ್ಳದು. ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವವರಂತೂ ಇನ್ನಷ್ಟು ಎಚ್ಚರದಿಂದಿರಬೇಕು. 2022ರ ಫೆಬ್ರವರಿಯಲ್ಲಿ ಪ್ರಕಟವಾಗಿ 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ, ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಬಂಧಿಸುವ ರಕ್ಷಾಕವಚವೂ ತಲೆಗೆ ಶಿರಸ್ತ್ರಾಣವೂ ಇರತಕ್ಕದ್ದು. ವೇಗವು ಗಂಟೆಗೆ 40 ಕಿಲೋಮೀಟರನ್ನು ಮೀರಕೂಡದು. ಬೆನ್ನ ಮೇಲೆ ಚೀಲವಿದ್ದರೆ ಆ ಕವಚವು ಸರಿಯಾಗಿ ಕೂರುವುದೆಂತು? ಚೀಲವು ವಾಹನದ ಮುಂದಿನ ಕೊಂಡಿಯಲ್ಲಿ ತೂಗಲಿ.

ಇನ್ನು ಎಲ್ಲಕ್ಕಿಂತ ಕಷ್ಟವಾದ ಮಾತು. ಮನೆಯವರು ಎಷ್ಟೇ ವಿವೇಕದಿಂದ ಚೀಲವನ್ನು ತಂದರೂ ಶಾಲೆಯವರು ಕೊಡುವ ಪಟ್ಟಿಯು ಅದನ್ನು ಕೆಡಿಸಬಲ್ಲುದು. ನನಗೆ ತಿಳಿದ ಒಂದು ಶಿಶುವಿಹಾರದಲ್ಲಿ ಮೂರೂವರೆ ವರ್ಷದ ಮಕ್ಕಳು ದಿನವೂ ಐದು ಪುಸ್ತಕಗಳನ್ನೂ ಒಂದು ಕಡತವನ್ನೂ ತರಬೇಕೆಂಬ ಕಟ್ಟಳೆಯಿತ್ತು. ಸಾಮಾನ್ಯವಾಗಿ ಬಳಸುವ ಎ4 ಅಳತೆಯ ಹಾಳೆಯು 29.7 ಸೆಂಟಿಮೀಟರು ಉದ್ದ, 21 ಸೆಂಟಿಮೀಟರು ಅಗಲ. ಅದನ್ನು ಹಿಡಿಸುವ ಕಡತವು ಇನ್ನೂ ದೊಡ್ಡದು. 28 ಸೆಂಟಿಮೀಟರು ಬೆನ್ನಿನ ಮಗುವು 30 ಸೆಂಟಿಮೀಟರಿಗೆ ಮೀರಿದ ಕಡತವನ್ನು ಹೊರುವುದು ಹೇಗೆ? ಎಂದರೆ ಆ ಒಂದು ಕಡತದ ಸಲುವಾಗಿಯೇ ದೊಡ್ಡ ಚೀಲವನ್ನು ಕೊಳ್ಳಬೇಕಾಗುವುದು. ಚೀಲವು ಮಗುವಿನ ಅಳತೆಯನ್ನು ಬಿಟ್ಟು ಕಾಗದದ ಅಳತೆಯನ್ನು ಹಿಡಿದಂತಾಯಿತು!

ಇಂತಹ ಸಂದರ್ಭದಲ್ಲಿ ತಾಯಿತಂದೆಗಳು ಸುಮ್ಮನಿರುವುದು ಹೆದರಿಕೆಯಿಂದ. ಕೇಳಿದರೆ ಮಗುವನ್ನು ಶಾಲೆಯಲ್ಲಿ ಬೇರೆ ಕಣ್ಣಿನಿಂದ ನೋಡಿಯಾರೆಂಬ ಅಂಜಿಕೆ. ಆ ಅಂಜಿಕೆ ನನಗೆ ಅರ್ಥವಾಗದ್ದಲ್ಲ. ಆದರೆ ಬಹುಕಾಲ ಪಾಠ ಹೇಳಿದವನಾಗಿ ಹೇಳುವೆನು: ವಿನಯದಿಂದ, ಲೆಕ್ಕವನ್ನು ಕೈಯಲ್ಲಿ ಹಿಡಿದು ಬಂದ ತಾಯಿಯ ಮಾತನ್ನು ತಳ್ಳಿಹಾಕುವುದು ಯಾವ ಉಪಾಧ್ಯಾಯನಿಗೂ ಸುಲಭವಲ್ಲ. ಒಬ್ಬರೇ ಹೋಗದೆ ಮೂವರು ನಾಲ್ವರು ಕೂಡಿಹೋಗಿರಿ. ದೂರು ಹೇಳಲು ಬಂದವರಂತಲ್ಲ, ಉಪಾಯ ಕೇಳಲು ಬಂದವರಂತೆ ಮಾತನಾಡಿರಿ. ಕಡತಗಳು ಶಾಲೆಯಲ್ಲಿಯೇ ಇದ್ದು ತಿಂಗಳಿಗೊಮ್ಮೆ ನಾವೇ ಬಂದು ನೋಡಿದರೆ ಆಗದೇ, ಎಂದು ಕೇಳಿರಿ. 2020ರ ನೀತಿಯು ಇವರಿಗೆ ಚೀಲ ಬೇಡವೆಂದುದನ್ನೂ, 2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಮೂರರಿಂದ ಆರು ವರ್ಷದ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ವಿಧಿಸಕೂಡದೆಂದುದನ್ನೂ ಮೆಲ್ಲನೆ ನೆನಪಿಸಿರಿ. ಒಂದು ಸಲಕ್ಕೆ ಆಗದಿದ್ದರೆ ಇನ್ನೊಮ್ಮೆ ಹೋಗಿರಿ. ಚೀಲವನ್ನು ಹೊರುವ ಮಗುವಿಗೆ ದೂರಿಕೊಳ್ಳಲು ಬಾರದು. ಅದರ ಮಾತನ್ನು ನಾವಲ್ಲದೆ ಇನ್ನಾರು ಆಡಬೇಕು?

ಎಳೆವಯಸ್ಸಿನ ವಿದ್ಯೆಗೆ ಪುಸ್ತಕದ ಹೊರೆ ಬೇಕೆಂದು ನಮ್ಮ ಸಂಪ್ರದಾಯವೂ ಹೇಳಿಲ್ಲ. ವಿಜಯದಶಮಿಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬೆರಳು ಹಿಡಿಸಿ ಬರೆಯಿಸಿದ ಅಕ್ಷರವೇ ಮೊದಲ ಪಾಠ. ಹಿಂದಿನ ಕೂಲಿಮಠಗಳಲ್ಲಿ ಮರಳೇ ಹಲಗೆ, ಬೆರಳೇ ಬಳಪ. ಚಂದನದ ಹೊರೆಯನ್ನು ಹೊತ್ತ ಕತ್ತೆಯ ಉಪಮಾನವನ್ನು ಸುಶ್ರುತಸಂಹಿತೆಯಲ್ಲಿ ಓದಿದವರು, ಶಾಸ್ತ್ರವನ್ನು ಹೊರುವುದಕ್ಕೂ ಅರಿಯುವುದಕ್ಕೂ ಇರುವ ಅಂತರವನ್ನು ಮರೆಯರು.

ಕಡೆಯದಾಗಿ ದಿನನಿತ್ಯದ ಒಂದು ಸಣ್ಣ ನಿಯಮ. ಸಂಜೆ ಮಗುವು ಮನೆಗೆ ಬಂದ ಮೇಲೆ ಅದರೊಡನೆ ಕುಳಿತು ಚೀಲವನ್ನು ಬರಿದು ಮಾಡಿರಿ. ಮಗುವಿನ ಕಣ್ಣ ಮುಂದೆಯೇ ಮಾಡಿರಿ, ಕದ್ದು ಮಾಡಬೇಡಿರಿ. ಒಳಗಿನಿಂದ ಹೊಂಗೆಯ ಕಾಯಿ, ಬಾಟಲಿಯ ಮುಚ್ಚಳ, ನುಣುಪಾದ ಕಲ್ಲು, ಬಾಡಿದ ಎಲೆ ಹೊರಬರುವುವು. ಅವು ನಿಮಗೆ ಕಸ, ಅದಕ್ಕೆ ನಿಧಿ. ಅವನ್ನಿಡಲು ಮನೆಯ ಮೂಲೆಯಲ್ಲಿ ಒಂದು ಹಳೆಯ ಡಬ್ಬಿಯನ್ನು ಗೊತ್ತುಮಾಡಿದರೆ ಚೀಲವು ಹಗುರವಾಗುವುದು, ನಿಧಿಯೂ ಉಳಿಯುವುದು. ಕೆಂಪು ಮೈಗೆ ಕಪ್ಪು ಚುಕ್ಕೆಯಿರುವ ಗುಲಗಂಜಿಯು ಸಿಕ್ಕಿದರೆ ಮಾತ್ರ ತಡಮಾಡದೆ ತೆಗೆದಿಡಿ. ಹಿಂದೆ ಚಿನ್ನವನ್ನು ತೂಗುತ್ತಿದ್ದ ಆ ಚೆಲುವಾದ ಬೀಜವನ್ನು ಅಗಿದರೆ ಅದು ಕಡುವಿಷ. ಹೀಗೆ ದಿನವೂ ಐದು ನಿಮಿಷ ಕುಳಿತು ನೋಡಿದರೆ, ಮಗುವಿನ ಚೀಲದಲ್ಲಿ ಏನಿದೆಯೆಂಬುದರ ಜೊತೆಗೆ ಅದರ ಮನಸ್ಸಿನಲ್ಲಿ ಏನಿದೆಯೆಂಬುದೂ ತಿಳಿದುಬರುವುದು. ಡಬ್ಬಿಯಲ್ಲಿ ತಿಂಡಿ ಹಾಗೆಯೇ ಉಳಿದಿದ್ದರೆ ಏಕೆಂದು ಕೇಳಬಹುದು. ಬೇರೆ ಮಗುವಿನ ಬಳಪ ಬಂದಿದ್ದರೆ ನಾಳೆ ಹಿಂದಿರುಗಿಸಲು ಹೇಳಬಹುದು.

ಈ ಜೂನಿನಲ್ಲಿ ಮೊದಲ ಸಲ ಹೊಸ್ತಿಲು ದಾಟಿ ಹೊರಡಲಿರುವ ನಿಮ್ಮ ಮನೆಯ ಕಂದಮ್ಮಗಳೆಲ್ಲರ ಬೆನ್ನು ನೆಟ್ಟಗಿರಲಿ, ಹೆಜ್ಜೆ ಹಗುರವಾಗಿರಲಿ, ಹಿಂದಿರುಗಿ ಬರುವಾಗ ಮುಖದಲ್ಲಿ ನಗೆಯಿರಲಿ ಎಂದು ಹಾರೈಸುವೆನು.